ಆರು ಅಂಗಡಿಗಳ ಮಾಳಿಗೆಯ ಮಣ್ಣು

1997ರ ಕೊನೆಯ ಹೊತ್ತಿಗೆ ನಾನು ಬೈಲಹೊಂಗಲದಲ್ಲಿ ಖಾಸಗಿ ಸಿವಿಲ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೆ. ಅದಕ್ಕೂ ಮೊದಲು ಸರ್ಕಾರಿ ನೌಕರಿಯಲ್ಲಿದ್ದವನು, ಮೇಲಿನವರ ಜೊತೆ ಹೊಂದಿಕೆಯಾಗದೆ ಬಿಟ್ಟು ಬಂದಿದ್ದೆ. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ‘ಕುಲಕರ್ಣಿ ಸಾಹೇಬ್ರ ಕಡೆ ಪ್ಲ್ಯಾನ್ ಮಾಡಸ್ರಿ, ಆದ್ರ ಎದುರ ಮಾತಾಡಬ್ಯಾಡ್ರಿ’ ಎಂದು ಜನ ಒಬ್ಬರಿಗೊಬ್ಬರು ಬುದ್ಧಿ ಹೇಳಿ ಕಳಿಸುತ್ತಿದ್ದರು. ಮನೆಗಳ ನಕ್ಷೆ ತೆಗೆಯುವುದು, ಬ್ಯಾಂಕಿಗೆ ಆಸ್ತಿಯ ಬೆಲೆ ಕಟ್ಟಿಕೊಡುವುದು, ಆಗಾಗ ಕೋರ್ಟ್ ಕಮಿಷನರ್ ಆಗಿ ಹೋಗಿಬರುವುದು ನನ್ನ ಉದ್ಯೋಗ.

ಕೋರ್ಟ್ ಕಮಿಷನರ್ ಎಂದರೆ ಕಾರು, ಜವಾನ ಇರುವ ಹುದ್ದೆ ಎಂದು ನನ್ನ ಹೆಂಡತಿಯ ತವರಿನವರು ಬಹಳ ದಿನ ನಂಬಿದ್ದರು. ಅಂಥದ್ದೇನಿಲ್ಲ. ಗೋಡೆ, ಬಾವಿ, ಹೊಲದ ಬದು ಇಂಥವುಗಳ ಜಗಳ ಬಂದಾಗ ನ್ಯಾಯಾಧೀಶರು ತಾವೇ ಹೋಗಿ ನೋಡಲಾರರು. ಅದನ್ನು ಬಲ್ಲ ಒಬ್ಬನನ್ನು ಕಳಿಸುತ್ತಾರೆ. ಅವನು ಎರಡೂ ಕಡೆಯವರ ಎದುರು ಜಾಗ ನೋಡಿ, ಕೇಳಿದ ಪ್ರಶ್ನೆಗಳಿಗೆ ಮಾತ್ರ ಉತ್ತರ ಬರೆದುಕೊಡಬೇಕು. ಕೊಟ್ಟ ಮೇಲೆ ಅವನ ಕೆಲಸ ಮುಗಿಯಿತು.

1998ರ ಫೆಬ್ರುವರಿಯಲ್ಲಿ ನನಗೆ ಬಂದದ್ದು ಊರಿನ ಹಳೇ ಪೇಟೆಯ ಆರು ಅಂಗಡಿಗಳ ಪ್ರಕರಣ. ಆರೂ ಒಂದೇ ಸಾಲಿನಲ್ಲಿ, ಒಂದೇ ಮಾಳಿಗೆಯ ಕೆಳಗೆ ಇದ್ದವು. ಮಾಲೀಕರು ಚನ್ನಬಸಪ್ಪ, ಅರಳೆ ವ್ಯಾಪಾರದ ಮನೆತನದವರು. ಕಟ್ಟಡ ಶಿಥಿಲವಾಗಿದೆ, ಕೆಡವಿ ಎರಡು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟಬೇಕು, ಬಾಡಿಗೆದಾರರನ್ನು ಬಿಡಿಸಿಕೊಡಿ ಎಂಬುದು ಅವರ ದಾವೆ. ಕಟ್ಟಡ ಗಟ್ಟಿಯಾಗಿದೆ, ಅಲ್ಲಿ ಇಲ್ಲಿ ದುರಸ್ತಿ ಮಾಡಿದರೆ ಸಾಕು ಎಂಬುದು ಬಾಡಿಗೆದಾರರ ವಾದ. ದುರಸ್ತಿಯೇ, ಹೊಸದೇ? ಕೋರ್ಟು ನನಗೆ ಕೇಳಿದ ಪ್ರಶ್ನೆ ಇದೊಂದೇ.

ಆಗಿನ ಬಾಡಿಗೆ ಕಾನೂನಿನ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಹೊಸದಾಗಿ ಕಟ್ಟುವುದಕ್ಕೆಂದು ಕೋರ್ಟಿನ ತೀರ್ಪಿನಿಂದ ಬಾಡಿಗೆದಾರನನ್ನು ಬಿಡಿಸಿದರೆ, ಹೊಸ ಕಟ್ಟಡದಲ್ಲಿ ತನಗೆ ಜಾಗ ಕೊಡಿ ಎಂದು ಕೇಳುವ ಹಕ್ಕು ಅವನಿಗಿತ್ತು. ಅಂದರೆ ಆ ಆರು ಜನ ಸುಮ್ಮನೆ ಒಪ್ಪಿಕೊಂಡಿದ್ದರೂ ಕಾಗದದ ಮೇಲೆ ಅವರು ಬೀದಿಪಾಲಾಗುತ್ತಿರಲಿಲ್ಲ. ಆದರೆ ಕಾಗದದ ಮಾತನ್ನು ನಂಬುವ ಸ್ಥಿತಿಯಲ್ಲಿ ಅವರಿರಲಿಲ್ಲ. ರಾಮದುರ್ಗದ ಕಡೆ ಅವರಲ್ಲೊಬ್ಬರ ಬೀಗರು ಹೀಗೇ ಅಂಗಡಿ ಬಿಟ್ಟುಕೊಟ್ಟಿದ್ದರು. ಹಳೆಯದನ್ನು ಕೆಡವಿದ್ದಾಯಿತು, ಹೊಸದು ಏಳಲಿಲ್ಲ. ಜಾಗದಲ್ಲಿ ಜಾಲಿ ಬೆಳೆಯಿತು, ಬೀಗರು ಇನ್ನೊಬ್ಬರ ಅಂಗಡಿಯಲ್ಲಿ ಸಂಬಳಕ್ಕೆ ನಿಂತರು.

ಆ ಬೀಗರ ಕಥೆಯನ್ನು ನನಗೆ ಹೇಳಿದವರು ಗುರುಸಿದ್ದಪ್ಪ. ಸಾಲಿನ ಮೂರನೆಯ ಅಂಗಡಿ ಅವರದು, ಬಾಡಿಗೆದಾರರಲ್ಲಿ ಹಿರಿಯರೂ ಅವರೇ. ಎತ್ತಿನ ಸಾಮಾನು ಮಾರುತ್ತಿದ್ದರು: ಹಗ್ಗ, ಮಿಣಿ, ಬಾರುಕೋಲು, ಗೆಜ್ಜೆಸರ, ಕೊಂಬಿಗೆ ಕಟ್ಟುವ ಬಣ್ಣದ ಗೊಂಡೆ. ಅರವತ್ತರ ಆಸುಪಾಸಿನ, ಬಿಳಿ ಟೋಪಿಯ, ನಗುಮುಖದ ಮನುಷ್ಯ. ಮಕ್ಕಳಿರಲಿಲ್ಲ. ಹೆಂಡತಿ ನೀಲವ್ವ ಅಂಗಡಿಯ ಹಿಂಭಾಗದಲ್ಲಿ ಕುಳಿತು ಗೊಂಡೆ ಕಟ್ಟುತ್ತಿದ್ದರು. ಗಿರಾಕಿ ಚೌಕಾಸಿಗೆ ನಿಂತರೆ ಒಳಗಿನಿಂದಲೇ ಕೊನೆಯ ಮಾತು ಹೇಳುವುದೂ ಅವರೇ.

ನಾನು ಸ್ಥಳ ಪರಿಶೀಲನೆಗೆ ಹೋದ ದಿನ ಪೇಟೆಯಲ್ಲಿ ಮದುವೆಯ ಕಳೆ. ಆರೂ ಅಂಗಡಿಗೆ ಹೊಸ ಸುಣ್ಣ, ತೊಲೆಗಳಿಗೆ ಎಣ್ಣೆ, ಬಾಗಿಲಿಗೆ ತೋರಣ! ಒಂದು ಕಡೆ ಬಾಡಿಗೆದಾರರು ಮಿರ್ಚಿ ಭಜಿ ತರಿಸಿಟ್ಟಿದ್ದರು, ಇನ್ನೊಂದು ಕಡೆ ಮಾಲೀಕರು ಶಿರಾ ಮಾಡಿಸಿ ಕಳಿಸಿದ್ದರು. ಕಮಿಷನರ್ ಆದವನು ಯಾರ ಕಡೆಯದ್ದೂ ತಿನ್ನುವಂತಿಲ್ಲ. ಭಜಿ ತಿಂದರೆ ದುರಸ್ತಿಯ ಪರ, ಶಿರಾ ತಿಂದರೆ ಕಾಂಪ್ಲೆಕ್ಸಿನ ಪರ. ಅತ್ತ ದರಿ ಇತ್ತ ಪುಲಿ ಎಂದು ಮನೆಯಿಂದ ತಂದ ನೀರು ಕುಡಿದು ಕೆಲಸ ಶುರು ಮಾಡಿದೆ. ಹಸಿದ ಹೊಟ್ಟೆಯಲ್ಲಿ ನನ್ನ ಸಿಟ್ಟು ಇನ್ನೂ ಜಾಸ್ತಿ.

ಮೊದಲು ಗೋಡೆ ನೋಡಿದೆ. ಎರಡಡಿ ದಪ್ಪದ ಕಲ್ಲಿನ ಗೋಡೆ, ಎಲ್ಲೂ ಬಿರುಕಿಲ್ಲ. ಬುನಾದಿ ಕುಸಿದ ಗುರುತಿಲ್ಲ. ಚನ್ನಬಸಪ್ಪನವರ ಮುಖ ಸಪ್ಪಗಾಯಿತು, ಬಾಡಿಗೆದಾರರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಆಮೇಲೆ ಏಣಿ ತರಿಸಿ ಮಾಳಿಗೆ ಹತ್ತಿದೆ. ನಗು ಅಲ್ಲಿಗೇ ಮುಗಿಯಿತು.

ನಮ್ಮ ಕಡೆಯ ಹಳೆಯ ಮಾಳಿಗೆ ಹೇಗಿರುತ್ತದೆ ಎಂದು ತಿಳಿಯದವರಿಗೆ ಹೇಳುತ್ತೇನೆ. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಮಳೆಗಾಲದ ಮುಂಚೆ ಮೇಲೊಂದು ಪದರು ಸವಳು ಮಣ್ಣು ಹಾಕಿ ಬಡಿದು ಕೂಡಿಸುತ್ತಾರೆ. ಉಪ್ಪಿನಂಶದ ಆ ಮಣ್ಣಿನಲ್ಲಿ ಹುಲ್ಲು ಬೆಳೆಯುವುದಿಲ್ಲ, ನೀರೂ ಸುಲಭವಾಗಿ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ಇದಕ್ಕೆ ಒಂದೇ ಒಂದು ನಿಯಮ: ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಅಷ್ಟೇ ಕೆರೆದು ತೆಗೆಯಬೇಕು.

ಇಲ್ಲಿ ಯಾರೂ ತೆಗೆದಿರಲಿಲ್ಲ. ಮಣ್ಣು ಒಂದು ಗೇಣು ಇರಬೇಕಾದಲ್ಲಿ ನನ್ನ ಕಬ್ಬಿಣದ ಸಲಾಕೆ ಎರಡೂವರೆ ಅಡಿ ಇಳಿಯಿತು. ಅಂಚಿನಲ್ಲಿ ಸ್ವಲ್ಪ ಕೆದರಿ ನೋಡಿದರೆ ಒಂದರ ಮೇಲೊಂದು ಒಟ್ಟಿದ ರೊಟ್ಟಿಯ ಹಾಗೆ ಪದರುಗಳು ಕಂಡವು.

‘ಇಷ್ಟು ಮಣ್ಣು ಯಾರು ಹಾಕಿದ್ದು?’ ಎಂದು ಕೇಳಿದೆ.

ನನ್ನ ಹಿಂದೆ ಏಣಿ ಹತ್ತಿ ಬಂದಿದ್ದ ಗುರುಸಿದ್ದಪ್ಪನವರು ಹೆಮ್ಮೆಯಿಂದ ಹೇಳಿದರು: ‘ಕೆಳಗಿಂದು ನಮ್ಮ ಮುತ್ಯಾಂದ್ರಿ, ನಡುವಿಂದು ನಮ್ಮಪ್ಪಂದು, ಮ್ಯಾಲಿಂದು ನಂದು. ಒಂದ ವರ್ಷಾನೂ ತಪ್ಪಿಸಿಲ್ಲರಿ.’

‘ಹಳೇದು ತಗೀಬೇಕಂತ ಒಬ್ಬರಿಗೂ ತಿಳೀಲಿಲ್ಲೇನ್ರಿ?’

‘ತಗದ್ರ ಸೋರತೈತ್ರಿ, ಹಾಕಿದ್ರ ನಿಂದರತೈತಿ. ಹಿಂಗಾಗಿ ಹಾಕ್ಕೋಂತ ಬಂದೇವ್ರಿ.’

ಒಂದು ಅಡಿ ಉದ್ದ, ಅಗಲ, ಎತ್ತರದ ಮಣ್ಣು ಒಣಗಿದ್ದಾಗಲೇ ಸುಮಾರು ನಲವತ್ತೈದು ಕಿಲೋ ತೂಗುತ್ತದೆ. ನೆನೆದರೆ ಐವತ್ತು ದಾಟುತ್ತದೆ. ಮಾಳಿಗೆ ಕಟ್ಟಿದವನು ಲೆಕ್ಕ ಹಾಕಿದ ಭಾರದ ಮೂರು ಪಟ್ಟು ಭಾರ ಆ ಅಂಗಡಿಗಳ ತಲೆಯ ಮೇಲೆ ಕುಳಿತಿತ್ತು. ಇದನ್ನು ಹಾಕಿದ್ದು ಕಟ್ಟಡದ ಶತ್ರುಗಳಲ್ಲ, ಅದನ್ನು ಮಕ್ಕಳ ಹಾಗೆ ನೋಡಿಕೊಂಡವರು. ಬೈಯಲು ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿಕೊಂಡೆ.

ಕೆಳಗಿಳಿದು ತೊಲೆಗಳನ್ನು ನೋಡಬೇಕಿತ್ತು. ಗುರುಸಿದ್ದಪ್ಪನವರ ಅಂಗಡಿಯಲ್ಲಿ ತೊಲೆಯೇ ಕಾಣುತ್ತಿರಲಿಲ್ಲ, ಅಷ್ಟು ಹಗ್ಗ, ಅಷ್ಟು ಗೊಂಡೆ ಅದಕ್ಕೆ ಜೋತುಬಿದ್ದಿದ್ದವು. ಎಲ್ಲ ತೆಗೆಸಿದೆ. ಸಾಗವಾನಿ ತೊಲೆ, ನಡುವೆ ಕಬ್ಬಿಣದಂತೆ ಗಟ್ಟಿ. ಆದರೆ ತೊಲೆಯ ಆರೋಗ್ಯ ನಡುವಿನಲ್ಲಿ ತಿಳಿಯುವುದಿಲ್ಲ, ಗೋಡೆಯೊಳಗೆ ಹುದುಗಿದ ತುದಿಯಲ್ಲಿ ತಿಳಿಯುತ್ತದೆ. ಸೋರಿದ ನೀರು ಗೋಡೆಗಿಳಿದು ನಿಲ್ಲುವುದು ಅಲ್ಲೇ. ಬೈರಿಗೆ ಹಚ್ಚಿ ತಿರುಗಿಸಿದೆ. ಎರಡು ಸುತ್ತು ತಿರುಗುವಷ್ಟರಲ್ಲಿ ಗಟ್ಟಿ ಕಟ್ಟಿಗೆ ಮುಗಿಯಿತು. ಆಮೇಲೆ ಬೈರಿಗೆ ತಾನಾಗಿ ಒಳಗೆ ಹೋಯಿತು, ಹೊರಗೆ ಬಂದದ್ದು ಒದ್ದೆ ಹಿಟ್ಟಿನಂಥ ಪುಡಿ. ಪಕ್ಕದ ನಾಲ್ಕನೆಯ ಅಂಗಡಿಯ ತೊಲೆಯೂ ಹಾಗೇ ಇತ್ತು. ಉಳಿದ ನಾಲ್ಕು ಅಂಗಡಿಯವು ಸದ್ಯಕ್ಕೆ ಗಟ್ಟಿಯಾಗಿದ್ದವು.

ಎಲ್ಲರೂ ಹೊರಗೆ ಹೋದ ಮೇಲೆ ಗುರುಸಿದ್ದಪ್ಪ ಹತ್ತಿರ ಬಂದರು. ಟೋಪಿ ಕೈಯಲ್ಲಿತ್ತು.

‘ಸಾಹೇಬ್ರ, ಕೆಡವ್ರಿ ಅಂತ ಬರೀತೀರೇನ್ರಿ?’

ನಾನು ಉತ್ತರ ಕೊಡುವಂತಿರಲಿಲ್ಲ.

‘ನನಗ ಹೊಲಾ ಇಲ್ಲ, ಸಾಲಿ ಕಲ್ತಿಲ್ಲ, ಹಿಂದ ಮುಂದ ಯಾರೂ ಇಲ್ಲ. ಇರೂದು ಇದೊಂದ ಜಾಗಾ. ಸವದತ್ತಿ, ಮುನವಳ್ಳಿ, ಚಚಡಿ, ಅಲ್ಲೀ ತನಕಾ ರೈತರು ಎತ್ತಿನ ಹಗ್ಗಾ ಅಂದ್ರ ಇಲ್ಲಿಗೇ ಬರ್ತಾರ. ಒಂದ ವರ್ಷ ನಾ ಬಾಗಲಾ ಹಾಕಿದ್ರ ಅವರು ಬ್ಯಾರೆ ದಾರಿ ಹಿಡೀತಾರ್ರಿ. ಆಮ್ಯಾಲ ಹೊಸಾ ದುಕಾನ ಬಂಗಾರದ್ದ ಕಟ್ಟಿಕೊಟ್ರೂ ನಾ ಅದ್ರಾಗ ಕುಂತು ಯಾರಿಗೆ ಏನ ಮಾರ್ಲಿ?’

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೊಸದೋ ದುರಸ್ತಿಯೋ ಎಂದು ತೀರ್ಮಾನಿಸುವಾಗ ನಮ್ಮ ವೃತ್ತಿಯಲ್ಲಿ ಒಂದು ಅಂದಾಜು ಇಟ್ಟುಕೊಳ್ಳುತ್ತೇವೆ. ದುರಸ್ತಿಯ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದೇ ಮೇಲು. ಆದರೆ ಕಟ್ಟುವ ದಿನಗಳಲ್ಲಿ ಒಳಗಿದ್ದವರು ಎಲ್ಲಿರುತ್ತಾರೆ ಎಂಬುದು ಆ ಅಂದಾಜಿನಲ್ಲಿ ಬರುವುದಿಲ್ಲ. ಕಾನೂನು ಬದಿಗಿಟ್ಟು ಒಂದೇ ಮಾತು ಹೇಳಿದೆ: ‘ನಾ ಏನ್ ಬರೀತೀನಿ ಅನ್ನೋದು ಕೋರ್ಟಿನಾಗ ಕೇಳ್ರಿ. ಆದ್ರ ಮಳೆಗಿಂತ ಮೊದಲ ಈ ಮಣ್ಣು ಇಳೀಬೇಕು. ಇಳಿಸೋ ಮುಂದ ಕೆಳಗ ಬಲ್ಲಿ ಕೊಡಬೇಕು. ಇದಿಷ್ಟು ನೆನಪಿಡ್ರಿ.’ ಬಲ್ಲಿ ಎಂದರೆ ಸ್ಲ್ಯಾಬ್ ಹಾಕುವಾಗ ಕೆಳಗೆ ಆಧಾರಕ್ಕೆ ನಿಲ್ಲಿಸುವ ಮರದ ಕಂಬ.

ಮಾರ್ಚಿನಲ್ಲಿ ವರದಿ ಸಲ್ಲಿಸಿದೆ. ಗೋಡೆ, ಬುನಾದಿ ಚೆನ್ನಾಗಿವೆ. ರೋಗವಿರುವುದು ಮಾಳಿಗೆಯಲ್ಲಿ. ಮೊದಲು ಕೆಳಗಿನಿಂದ ಆಧಾರ ಕೊಟ್ಟು, ಮಳೆಗಾಲ ಶುರುವಾಗುವುದರೊಳಗೆ ಮಣ್ಣು ಪೂರ್ತಿ ಇಳಿಸಬೇಕು. ಎರಡು ತೊಲೆ ಬದಲಿಸಿ ಮೇಲೆ ಹಗುರವಾದ ಶೀಟ್ ಹೊದಿಸಿದರೆ ಕಟ್ಟಡ ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆ. ಅಂಗಡಿ ಒಂದೊಂದಾಗಿ ಮುಚ್ಚಿ ಕೆಲಸ ಮಾಡಬಹುದು, ಯಾರ ವ್ಯಾಪಾರವೂ ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಬರೆದು ಮುಗಿಸಿದಾಗ ಹೆಂಡತಿಗೆ, ‘ಈ ಸಲ ಇಬ್ಬರಿಗೂ ಒಪ್ಪೋ ಹಂಗ ಬರದೇನಿ’ ಎಂದು ಬೀಗಿದ್ದೆ.

ಇಬ್ಬರೂ ತಕರಾರು ಹಾಕಿದರು! ಮಾಲೀಕರ ತಕರಾರು ಅರ್ಥವಾಗುವಂಥದ್ದು. ಕೆಡವಬೇಕಿಲ್ಲ ಎಂದಮೇಲೆ ಅವರ ಕಾಂಪ್ಲೆಕ್ಸ್ ಎಲ್ಲಿಂದ ಬರಬೇಕು? ಆದರೆ ಬಾಡಿಗೆದಾರರೂ ತಕರಾರು ಹಾಕಿದ್ದು ನೋಡಿ ನಾನು ಅವರ ವಕೀಲರ ಮನೆಗೇ ಹೋದೆ.

ವಕೀಲರು ಶಾಂತವಾಗಿ ವಿವರಿಸಿದರು: ‘ನೋಡ್ರಿ ಕುಲಕರ್ಣಿಯವರ, ಮಾಲಕರು ಏನಂತಾರ? ಕಟ್ಟಡಕ್ಕ ಯಾರೂ ದಿಕ್ಕಿಲ್ಲ ಅಂತಾರ. ನಮ್ಮ ಉತ್ತರ ಏನು? ಪ್ರತಿ ವರ್ಷ ನಾವು ಮಣ್ಣು ಹಾಕಿ ಜೋಪಾನ ಮಾಡೇವಿ ಅಂತ. ನಮ್ಮ ಕೇಸ್ ನಿಂತಿದ್ದ ಆ ಮಣ್ಣಿನ ಮ್ಯಾಲ. ಈಗ ಅದs ಮಣ್ಣು ಅಪಾಯ ಅಂತ ಒಪ್ಪಿದ್ರ ನಾಳೆ ಅವರೇನಂತಾರ? ಬಾಡಿಗೆದಾರರs ಕಟ್ಟಡ ಕೆಡಿಸ್ಯಾರ, ಹೊರಗ ಹಾಕ್ರಿ ಅಂತಾರ.’

ಕಾನೂನಿನ ಪ್ರಕಾರ ಅವರ ಮಾತು ಸರಿಯೇ ಇತ್ತು. ಮರದ ತೊಲೆಗೆ ಕಾನೂನು ತಿಳಿಯುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಏಪ್ರಿಲಿನಲ್ಲಿ, ಬೇಸಿಗೆ ರಜೆಗೆ ಮೊದಲು, ಕೋರ್ಟು ಒಂದು ಆದೇಶ ಮಾಡಿತು. ತಕರಾರುಗಳ ವಿಚಾರಣೆ ಮುಗಿಯುವವರೆಗೆ ಎರಡೂ ಕಡೆಯವರು ಸ್ಟೇಟಸ್ ಕೋ ಕಾಯ್ದುಕೊಳ್ಳಬೇಕು, ಅಂದರೆ ಕಟ್ಟಡ ಈಗ ಹೇಗಿದೆಯೋ ಹಾಗೇ ಇರಬೇಕು. ಮುಂದಿನ ತಾರೀಖು ಜೂನ್ ಎರಡನೆಯ ವಾರದ ನಂತರ. ಇಂಥ ದಾವೆಗಳಲ್ಲಿ ಇದು ಸಾಮಾನ್ಯ ಆದೇಶ. ಮಾಲೀಕರು ರಾತ್ರೋರಾತ್ರಿ ಕೆಡವಬಾರದು ಎಂಬುದೇ ಅದರ ಉದ್ದೇಶ. ಮಣ್ಣು ಇಳಿಸಲು ಅಪ್ಪಣೆ ಕೊಡಿ ಎಂದು ಯಾವ ಕಡೆಯವರೂ ಕೇಳಲಿಲ್ಲ, ಕೇಳದ್ದನ್ನು ಕೋರ್ಟು ಕೊಡುವುದಿಲ್ಲ.

ಮೇ ತಿಂಗಳ ಕೊನೆಯಲ್ಲಿ, ರೋಹಿಣಿ ಮಳೆಗೆ ಮೋಡ ಕಟ್ಟುವ ಹೊತ್ತಿಗೆ, ಹಳೇ ಪೇಟೆಯಲ್ಲಿ ಸ್ಕೂಟರ್ ಮೇಲೆ ಹೋಗುತ್ತಿದ್ದೆ. ಎದುರಿಗೆ ಕತ್ತೆಗಳ ಸಾಲು, ಬೆನ್ನ ಮೇಲೆ ಸವಳು ಮಣ್ಣಿನ ಚೀಲ. ಆ ಆರು ಅಂಗಡಿಗಳ ಮುಂದೆ ಅವು ನಿಂತವು. ಏಣಿಯ ಮೇಲೆ ಆಳುಗಳು ಬುಟ್ಟಿ ಹೊತ್ತು ಹತ್ತುತ್ತಿದ್ದರು. ರಸ್ತೆಯಲ್ಲಿ ನಿಂತು ಒಬ್ಬ ಫೋಟೋ ತೆಗೆಯುತ್ತಿದ್ದ. ಆ ಫೋಟೋ ಕೋರ್ಟಿಗೆ ಕೊಡುವುದಕ್ಕಂತೆ. ಬಾಡಿಗೆದಾರರು ಕಟ್ಟಡವನ್ನು ಎಷ್ಟು ಜೋಪಾನ ಮಾಡುತ್ತಾರೆ ಎಂದು ತೋರಿಸಬೇಕಾಗಿತ್ತು, ಅದಕ್ಕಾಗಿ ಆ ವರ್ಷ ಎಂದಿಗಿಂತ ದಪ್ಪಗೆ ಹಾಕಿಸುತ್ತಿದ್ದರು.

ಸ್ಕೂಟರ್ ಅಲ್ಲೇ ಬಿಟ್ಟು ಕೂಗಿದೆ: ‘ಗುರುಸಿದ್ದಪ್ಪ! ನಿಮಗೇನು ತಲಿ ಕೆಟ್ಟದೇನ್ರಿ? ನಾ ಇಳಸ್ರಿ ಅಂದ್ರ ನೀವು ಏರಸಾಕ ಹತ್ತೀರಲ್ಲ!’

ಪೇಟೆಯೆಲ್ಲ ತಿರುಗಿ ನೋಡಿತು. ಅವರು ಮಾತ್ರ ಸಮಾಧಾನದಿಂದ ಕೆಳಗೆ ಬಂದರು. ‘ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಹೆಂಗೈತಿ ಹಂಗ ಇಡ್ರಿ ಅಂತ ಕೋರ್ಟಿನ ಹುಕುಂ ಐತಿ. ಮಣ್ಣ ಇಳಿಸಿದ್ರ ಮುಟ್ಟಿದಂಗ ಆಗತೈತಿ. ಹಾಕೂದು ವರ್ಷಾ ಇದ್ದದ್ದs ಅಲ್ರಿ, ಅದು ರೂಢಿ. ವಕೀಲರ್ನ ಕೇಳೇವ್ರಿ.’

ಹಾಕಿದರೆ ರೂಢಿ, ಇಳಿಸಿದರೆ ಅಪರಾಧ. ಅಯ್ಯೋ ಶಿವನೇ, ಇದಕ್ಕೆ ಏನು ಹೇಳಬೇಕು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಗೊಣಗಿಕೊಂಡೆ. ಆದರೆ ಗುರುಸಿದ್ದಪ್ಪ ಕೋಣ ಆಗಿರಲಿಲ್ಲ. ನನ್ನ ಮಾತು ಕೇಳಿದರೆ ಮಾಲೀಕರು ಅವರನ್ನು ಕಾನೂನು ಮುರಿದವರು ಎಂದು ಹಿಡಿಯುತ್ತಿದ್ದರು. ಅಂಗಡಿ ಹೋಗುತ್ತದೆ ಎಂಬ ಭಯ ಅವರಿಗೆ ದಿನವೂ ಇತ್ತು, ಮಾಳಿಗೆ ಬೀಳುತ್ತದೆ ಎಂಬ ಭಯ ನನಗೊಬ್ಬನಿಗೇ ಇತ್ತು.

ಕಮಿಷನರ್ ಕೆಲಸ ಮುಗಿದಿದ್ದರೂ ಸುಮ್ಮನಿರಲಾಗಲಿಲ್ಲ. ಕೋರ್ಟಿಗೆ ಒಂದು ಟಿಪ್ಪಣಿ ಬರೆದು ಒಯ್ದೆ. ರಜೆ ಇತ್ತು. ಕಚೇರಿಯವರು ತೆಗೆದುಕೊಂಡು, ಮುಂದಿನ ತಾರೀಖಿಗೆ ಮುಂದಿಡುತ್ತೇವೆ ಎಂದರು. ಅಲ್ಲಿಂದ ಚನ್ನಬಸಪ್ಪನವರ ಮನೆಗೆ ಹೋದೆ. ಕೆಳಗೆ ಬಲ್ಲಿ ನಿಲ್ಲಿಸಲು ನೀವಾದರೂ ಒಪ್ಪಿಗೆ ಕೊಡಿ ಎಂದು ಕೇಳಿದೆ.

‘ಬೀಳೂ ಹಂಗೈತಿ ಅಂತ ನಾ ಮೊದ್ಲಿಂದ ಹೇಳಾಕ ಹತ್ತೇನಿ’ ಎಂದರು ಅವರು. ‘ಇಲ್ಲ, ಗಟ್ಟಿ ಐತಿ ಅಂತ ಅವರs ಅಫಿಡವಿಟ್ ಹಾಕ್ಯಾರ. ಗಟ್ಟಿ ಇದ್ದದ್ದಕ್ಕ ನಾ ಯಾಕ ಆಸರಾ ಕೊಡ್ಲಿ?’

ಜಗಳದಲ್ಲಿ ಗೆಲ್ಲುವುದು ಇಬ್ಬರಿಗೂ ಬೇಕಾಗಿತ್ತು, ಮಾಳಿಗೆ ಯಾರಿಗೂ ಬೇಕಾಗಿರಲಿಲ್ಲ. ಪರಿಚಯದ ಗುತ್ತಿಗೆದಾರನೊಬ್ಬನಿಂದ ಕೆಲವು ಬಲ್ಲಿಗಳನ್ನು ಕಡ ತಂದು ಅಂಗಡಿಗಳ ಮುಂದೆ ಇಳಿಸಿದೆ. ನಾಲ್ಕನೆಯ ಅಂಗಡಿಯವರು ಬೇಡವೇ ಬೇಡ ಎಂದರು. ಗುರುಸಿದ್ದಪ್ಪನವರೂ ತಲೆ ಅಲ್ಲಾಡಿಸಿದರು. ಅಂಗಡಿಯ ನಡುವೆ ಕಂಬ ನಿಲ್ಲಿಸಿದರೆ ಕಟ್ಟಡ ಅಪಾಯದಲ್ಲಿದೆ ಎಂದು ಒಪ್ಪಿಕೊಂಡ ಹಾಗೆ ಎಂಬುದು ಅವರ ಚಿಂತೆ.

ಒಳಗಿನಿಂದ ನೀಲವ್ವನ ದನಿ ಬಂತು: ‘ಇಟ್ಟಕೋರಿ. ಅವ್ರು ತಮ್ಮ ಕೆಲಸಾ ಬಿಟ್ಟು ಹೊತಗೊಂಡ ಬಂದಾರ. ಒಂದ ಕಂಬಕ್ಕ ಯಾರ ಮಾನಾ ಹೋಗತೈತಿ?’

ಆ ಮಾತಿಗೆ ಅವರು ಮಣಿದರು. ಕೊಳೆತ ತುದಿಯ ಹತ್ತಿರವೇ ತೊಲೆಯ ಕೆಳಗೆ ಒಂದು ಬಲ್ಲಿ ನಿಲ್ಲಿಸಿ, ಬುಡಕ್ಕೆ ಬೆಣೆ ಬಡಿದು ಬಿಗಿ ಮಾಡಿದೆ. ಒಂದು ಬಲ್ಲಿಯಿಂದ ಪೂರ್ತಿ ಭದ್ರವಾಗುವುದಿಲ್ಲ, ತಾರೀಖಿನವರೆಗೆ ತಡೆದರೆ ಸಾಕು, ಇದನ್ನು ಅಲುಗಾಡಿಸಬೇಡಿ ಎಂದು ಇಬ್ಬರಿಗೂ ಹೇಳಿದೆ. ಗುರುಸಿದ್ದಪ್ಪ ಅದರ ಸುತ್ತ ಹಗ್ಗದ ಸಿಂಬೆಗಳನ್ನು ನೇತುಹಾಕಿದರು. ಹೊರಗಿನವರಿಗೆ ಕಂಬ ಕಾಣದಂತಾಯಿತು.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ನೀಲವ್ವ ಆಮೇಲೆ ಹೇಳಿದ್ದು.

ಜೂನಿನಲ್ಲಿ ಕಾರಹುಣ್ಣಿಮೆ ಬಂತು. ಎತ್ತುಗಳನ್ನು ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೊಸ ಹಗ್ಗ, ಹೊಸ ಗೊಂಡೆ ಕಟ್ಟಿ ಮೆರೆಸುವ ಹಬ್ಬ. ಗುರುಸಿದ್ದಪ್ಪನವರ ವರ್ಷದ ವ್ಯಾಪಾರದ ಅರ್ಧ ಆ ಒಂದು ವಾರದಲ್ಲೇ ಆಗುತ್ತಿತ್ತು. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಎರಡು ದಿನದಿಂದ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಆದರೂ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ರೈತರು. ಹಗ್ಗ ಎಳೆದು ಗಟ್ಟಿ ನೋಡುವವರಿಗೆ ನಡುವಿನ ಕಂಬ ಅಡ್ಡ ಬರುತ್ತಿತ್ತು. ಯಾರೋ ಎಡವಿ ಬಿದ್ದು ಬೈದರು. ಸುತ್ತಲಿನ ಸಿಂಬೆಗಳು ಮಾರಾಟವಾಗಿ ಹೋದ ಮೇಲೆ ಕಂಬ ಎಲ್ಲರಿಗೂ ಕಾಣತೊಡಗಿತು. ‘ಯಾಕೋ ಮಾಮಾ, ಮಾಳಿಗಿ ಬೀಳಾಕ ಹತ್ತೇತೇನು?’ ಎಂದು ಒಬ್ಬರು ನಗೆಯಾಡಿದರು. ಹಬ್ಬ ಮುಗಿದ ಮೇಲೆ ಮತ್ತೆ ನಿಲ್ಲಿಸಿದರಾಯಿತು ಎಂದು ಗುರುಸಿದ್ದಪ್ಪ ಬೆಣೆ ತಟ್ಟಿ ಸಡಿಲ ಮಾಡಿ ಬಲ್ಲಿ ತೆಗೆದು ಗೋಡೆಗೆ ಒರಗಿಸಿದರು. ನೀಲವ್ವ ಬೇಡ ಎಂದರಂತೆ. ಅದಕ್ಕೆ ಗುರುಸಿದ್ದಪ್ಪ, ‘ನಾಕ ದಿನದ ಮಾತs’ ಎಂದರಂತೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ತೊಲೆ ಲಟ್ಟೆಂದಿತು. ಮೇಲಿನಿಂದ ಮಣ್ಣು ಉದುರಿತು. ಗುರುಸಿದ್ದಪ್ಪನವರಿಗೆ ಆ ಕ್ಷಣವೇ ತಿಳಿಯಿತು. ‘ಹೊರಗ ನಡೀರೋ, ಹೊರಗ ನಡೀರೋ’ ಎಂದು ಗಿರಾಕಿಗಳನ್ನೆಲ್ಲ ನೂಕಿದರು, ನೀಲವ್ವನ ರಟ್ಟೆ ಹಿಡಿದು ರಸ್ತೆಗೆ ದಬ್ಬಿದರು. ಪಕ್ಕದ ಅಂಗಡಿಯವರೂ ಹೊರಗೆ ಓಡಿದರು. ಎಲ್ಲರೂ ಉಳಿದರು. ಅವರೊಬ್ಬರು ಮಾತ್ರ ತಿರುಗಿ ಒಳಗೆ ಹೋದರು. ಗೋಡೆಗೊರಗಿಸಿದ್ದ ಬಲ್ಲಿಯನ್ನು ಎಳೆದು ತೊಲೆಯ ಕೆಳಗೆ ನಿಲ್ಲಿಸಲು ನೋಡಿದರು.

ನಾನು ಆ ದಿನ ಕಿತ್ತೂರಿನಲ್ಲಿ ಒಂದು ಮನೆಯ ಕೆಲಸ ನೋಡುತ್ತಿದ್ದೆ. ಸುದ್ದಿ ಕೇಳಿ ಬಂದು ಮುಟ್ಟುವಷ್ಟರಲ್ಲಿ ಊರವರು ಸಲಿಕೆಯಿಂದ, ಬುಟ್ಟಿಯಿಂದ, ಬರಿಗೈಯಿಂದ ಮಣ್ಣು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಒಬ್ಬರೂ ಇಳಿಸದಿದ್ದ ಮಣ್ಣನ್ನು ಇಡೀ ಪೇಟೆ ನಿಂತು ಇಳಿಸುತ್ತಿತ್ತು. ನಾನೂ ಬುಟ್ಟಿ ಹಿಡಿದೆ. ಗುರುಸಿದ್ದಪ್ಪ ಸಿಕ್ಕಾಗ ಅವರ ಎರಡೂ ಕೈ ಆ ಬಲ್ಲಿಯನ್ನು ಅಪ್ಪಿ ಹಿಡಿದಿದ್ದವು, ಬಿಡಿಸಬೇಕಾಯಿತು. ಈ ವೃತ್ತಿಯಲ್ಲಿ ನಾನು ಅತ್ತದ್ದು ಅದೊಂದೇ ದಿನ.

ಮೂರು, ನಾಲ್ಕನೆಯ ಅಂಗಡಿಗಳು ಬಿದ್ದಿದ್ದವು. ಉಳಿದವುಗಳ ಮಾಳಿಗೆ ಜೋತುಬಿದ್ದಿದ್ದರಿಂದ ಅವನ್ನೂ ವಾರದೊಳಗೆ ಕೆಡವಬೇಕಾಯಿತು. ತಾರೀಖಿನ ದಿನ ಕೋರ್ಟಿಗೆ ಹೋದೆ. ಪ್ರಕರಣದ ನಂಬರ್ ಕೂಗಿದರು. ಕಟ್ಟಡವೇ ಇಲ್ಲ ಎಂದು ಮಾಲೀಕರ ವಕೀಲರು ಹೇಳಿದರು. ದುರಸ್ತಿಯೋ ಹೊಸದೋ ಎಂಬ ಪ್ರಶ್ನೆಯೇ ಉಳಿಯಲಿಲ್ಲ. ತೀರ್ಪಿನಿಂದ ಬಿಡಿಸಿದ್ದರೆ ಹೊಸ ಕಟ್ಟಡದಲ್ಲಿ ಜಾಗ ಕೇಳುವ ಹಕ್ಕು ಇರುತ್ತಿತ್ತು. ತೀರ್ಪೇ ಆಗದೆ ಕಟ್ಟಡ ಬಿದ್ದಿದ್ದರಿಂದ ಆ ಹಕ್ಕಿಗೂ ನೆಲೆಯಿಲ್ಲ ಎಂದು ಬಾಡಿಗೆದಾರರ ವಕೀಲರೇ ಹೊರಗೆ ಬಂದು ಅವರಿಗೆ ತಿಳಿಸಿದರು. ಕೋರ್ಟಿನ ವಿಷಯದಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಚಿಕ್ಕಂದಿನಿಂದ ನಗುತ್ತ ಹೇಳಿಕೊಂಡು ಬಂದಿದ್ದೆ. ಆ ದಿನದ ನಂತರ ಅದನ್ನು ಬಾಯಿಗೆ ತಂದಿಲ್ಲ.

ಮರುವರ್ಷ ಚನ್ನಬಸಪ್ಪನವರು ನನ್ನ ಮನೆಗೆ ಬಂದರು. ಕಾಂಪ್ಲೆಕ್ಸಿನ ನಕ್ಷೆ ಮಾಡಿಕೊಡಬೇಕಂತೆ. ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದದ್ದೆಲ್ಲ ಅಂದೆ. ಕೊನೆಗೆ, ‘ನನಗೂ ಕಣ್ಣಿಗೆ ನಿದ್ದಿ ಹತ್ತವಲ್ದ್ರಿ ಸಾಹೇಬ್ರ’ ಎಂದರು. ಅವರ ಮುಖ ನೋಡಿದರೆ ಸುಳ್ಳು ಎನಿಸಲಿಲ್ಲ. ನೀಲವ್ವನಿಗೆ ಒಂದು ಅಂಗಡಿ ಕೊಡುವುದಾದರೆ ನಕ್ಷೆ ಮಾಡುತ್ತೇನೆ, ನನಗೆ ಫೀಸೂ ಬೇಡ ಎಂದೆ. ಒಪ್ಪಿಕೊಂಡರು. ಮಾತಿಗೂ ನಿಂತರು, ಆದರೆ ಕೊಟ್ಟದ್ದು ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗ. ಅದಕ್ಕಾದರೂ ಶಟರ್ ಇತ್ತು, ರಸ್ತೆಗೆ ಮುಖವಿತ್ತು. ನೀಲವ್ವ ಅಲ್ಲಿ ಕುಳಿತು ಗೊಂಡೆ, ಹಗ್ಗ ಮಾರತೊಡಗಿದರು. ರೈತರು ಅಷ್ಟಿಷ್ಟು ಬರುತ್ತಿದ್ದರು, ಮೊದಲಿನಂತಲ್ಲ.

ಕಾಂಪ್ಲೆಕ್ಸ್ ಎದ್ದ ಮೇಲಿನ ಎರಡನೆಯ ಮಳೆಗಾಲ. ಒಂದು ಮಧ್ಯಾಹ್ನ ಆ ದಾರಿಯಲ್ಲಿ ಹೋಗುತ್ತಿದ್ದಾಗ ಜೋರು ಮಳೆ ಬಂತು. ರಸ್ತೆಯ ಜನವೆಲ್ಲ ಕಾಂಪ್ಲೆಕ್ಸಿನೊಳಗೆ ಓಡಿದರು. ನೀಲವ್ವ ಒಬ್ಬರೇ ತಮ್ಮ ಅಂಗಡಿಯಿಂದ ಎದ್ದು ಹೊರಗೆ ಬಂದರು. ಗಟಾರದ ಪಕ್ಕ ಒಂದು ಮುರುಕು ಕೊಡೆ ಹಿಡಿದು ನಿಂತರು. ಸೀರೆ ಮೊಣಕಾಲ ತನಕ ತೊಯ್ದಿತ್ತು.

ಹತ್ತಿರ ಹೋಗಿ ಗದರಿದೆ: ‘ನೀಲವ್ವ, ಒಳಗ ನಡೀರಿ. ಇದು ಕಾಂಕ್ರೀಟ್ ಸ್ಲ್ಯಾಬ್. ನಾನs ಲೆಕ್ಕಾ ಹಾಕಿ, ನಾನs ನಿಂತು ಹಾಕಿಸೇನಿ. ಇದು ಬೀಳಂಗಿಲ್ಲ.’

ಅವರು ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದರು: ‘ಅದು ಬೀಳತೈತಿ ಅಂತ ನೀವು ಅವರಿಗೆ ಹೇಳಿದ್ರಿ. ಅವರು ನಂಬಲಿಲ್ಲ. ಇದು ಬೀಳೂದಿಲ್ಲ ಅಂತ ನನಗ ಹೇಳತೀರಿ. ನನಗೂ ನಂಬಾಕ ಆಗವಲ್ದ್ರಿ ಸಾಹೇಬ್ರ.’

ನನ್ನ ವರದಿಯ ಒಂದೊಂದು ಅಕ್ಷರವೂ ನಿಜವಾಗಿತ್ತು ಎಂದು ಆ ದಿನಗಳಲ್ಲಿ ಹಲವರು ನನ್ನನ್ನು ಹೊಗಳಿದ್ದರು. ಆ ಹೊಗಳಿಕೆ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಮಾಳಿಗೆ ಬೀಳುತ್ತದೆ ಎಂದು ಎಂಜಿನಿಯರ್ ಬರೆದಮೇಲೆ, ಆ ಮಾತು ಸುಳ್ಳಾಗುವ ಹಾಗೆ ನೋಡಿಕೊಳ್ಳುವುದೇ ಅವನ ಕೆಲಸ. ಅದಕ್ಕೆ ಬೇಕಾದದ್ದು ಲೆಕ್ಕ ಬಲ್ಲವರ ಒಪ್ಪಿಗೆಯಲ್ಲ, ಆ ಮಾಳಿಗೆಯ ಕೆಳಗೆ ಕುಳಿತವರ ನಂಬಿಕೆ. ಅದನ್ನು ಗಳಿಸುವುದು ಹೇಗೆ ಎಂದು ನನಗೆ ಯಾವ ಕಾಲೇಜಿನಲ್ಲೂ ಕಲಿಸಲಿಲ್ಲ, ನಾನಾಗಿ ಕಲಿಯುವಷ್ಟರಲ್ಲಿ ಗುರುಸಿದ್ದಪ್ಪ ಇರಲಿಲ್ಲ.

ಕೊಡೆಯನ್ನು ನೀಲವ್ವನ ಕೈಯಿಂದ ತೆಗೆದುಕೊಂಡು ಅವರ ತಲೆಯ ಮೇಲೆ ಹಿಡಿದೆ. ಮಳೆ ನಿಲ್ಲುವವರೆಗೆ ಇಬ್ಬರೂ ಹೊರಗೇ ನಿಂತಿದ್ದೆವು.